ಬಾಟಲಿ ಚೀಟಿಗೆ ಕೌನ್ಸಿಲರು ಕೊಟ್ಟ ಕಾರಣ

ಬಾಟಲಿ ಕಾನೂನು ಬಂದ ವರ್ಷ ಕೌನ್ಸಿಲರ್ ಅಕುನೊ ಸಂತೆಯ ನಡುವೆ ಖಾಲಿ ಡ್ರಮ್ಮಿನ ಮೇಲೆ ನಿಂತು ಭಾಷಣ ಮಾಡಿದ. ಇನ್ನು ಮುಂದೆ ಹಾಲುಣಿಸುವ ರಬ್ಬರ್ ತೊಟ್ಟಿನ ಬಾಟಲಿ ಅಂಗಡಿಯಲ್ಲಿ ಕೇಳಿದವರಿಗೆಲ್ಲ ಸಿಗುವುದಿಲ್ಲ, ಆಸ್ಪತ್ರೆಯ ಸಿಸ್ಟರು ಚೀಟಿ ಬರೆದುಕೊಟ್ಟರೆ ಮಾತ್ರ ಸಿಗುತ್ತದೆ, ಚೀಟಿ ಇಲ್ಲದೆ ಮಾರಿದವನಿಗೆ ದಂಡ ಬೀಳುತ್ತದೆ ಎಂದು ಸಾರಿದ. ಅಷ್ಟಕ್ಕೇ ಇಳಿದಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಜನ ಚಪ್ಪಾಳೆ ತಟ್ಟಿದ ಉಮೇದಿಗೆ ಕೆಳಗಿಳಿದು ಒಂದು ಬಾಟಲಿಯನ್ನು ನೆಲಕ್ಕೆ ಹಾಕಿ ಬೂಟುಗಾಲಲ್ಲಿ ತುಳಿದ. ಪ್ಲಾಸ್ಟಿಕ್ ಬಾಟಲಿ ಒಡೆಯಲಿಲ್ಲ, ಉರುಳಿತು. ಅದರ ಜೊತೆಗೆ ಕೌನ್ಸಿಲರೂ ಉರುಳಿ ಗೆಣಸಿನ ಗುಡ್ಡೆಯ ಮೇಲೆ ಬಿದ್ದರು. ಅವನ ಹೆಂಡತಿ ರುಯಿಪೊ ಎಲ್ಲರಿಗಿಂತ ಮೊದಲು ನಗಲು ಶುರುಮಾಡಿ ಎಲ್ಲರಿಗಿಂತ ಕೊನೆಗೆ ನಿಲ್ಲಿಸಿದಳು.

ಮುಂದಿನ ಕಾಫಿ ಕೊಯ್ಲಿನ ಹೊತ್ತಿಗೆ ಆ ಮನೆಯಲ್ಲಿ ನಗುವವರು ಯಾರೂ ಇರಲಿಲ್ಲ. ಗಿಸೋನ ಎಂಬ ಅವರ ದೊಡ್ಡ ಮಗಳು ಹೆಣ್ಣು ಮಗು ಹೆತ್ತಳು, ರಕ್ತ ನಿಲ್ಲಲಿಲ್ಲ, ಗೊರೊಕಾದ ದೊಡ್ಡಾಸ್ಪತ್ರೆಗೆ ಒಯ್ಯುವ ಲಾರಿಯ ಹಿಂಭಾಗದಲ್ಲೇ ತೀರಿಕೊಂಡಳು. ರುಯಿಪೊ ಸೂತಕಕ್ಕೆ ಮೈಗೆಲ್ಲ ಕೆಸರು ಬಳಿದುಕೊಂಡು ಐದು ದಿನ ಅತ್ತಳು, ಅಷ್ಟು ದಿನ ಕೂಸಿನ ಬಾಯಿಗೆ ನೆರೆಯ ಬಾಣಂತಿಯರು ಹಾಲು ಹನಿಸಿದರು. ಅಳಿಯ ಐದನೆಯ ದಿನ ತೋಟದ ಕೆಲಸಕ್ಕೆ ಹೊರಟುಹೋದ. ಮಗು ಬದುಕಿದರೆ ಅದು ತನ್ನ ಕುಲದ್ದು ಎಂದು ಹೇಳುವುದನ್ನು ಮಾತ್ರ ಮರೆಯಲಿಲ್ಲ, ಪುಣ್ಯಾತ್ಮ. ಆರನೆಯ ದಿನ ಗಂಡ ಹೆಂಡತಿ ಇಬ್ಬರೂ ಮಗುವನ್ನು ನೂಲು ಹೆಣೆದ ಬಿಲುಮ್ ಚೀಲದಲ್ಲಿ ಮಲಗಿಸಿಕೊಂಡು ಊರ ಆರೋಗ್ಯ ಕೇಂದ್ರಕ್ಕೆ ಹೋದರು.

ಅಲ್ಲಿದ್ದವಳು ಸಿಸ್ಟರ್ ನ್ಯಾಲು. ಮಾನುಸ್ ದ್ವೀಪದವಳು, ಕಡಲು ನೋಡಿ ಬೆಳೆದವಳು. ತಾಜಾ ಮೀನು ಕಣ್ಣಿಗೂ ಬೀಳದ ಬೆಟ್ಟಕ್ಕೆ ತನ್ನನ್ನು ವರ್ಗ ಮಾಡಿದವರ ಮೇಲಿನ ಸಿಟ್ಟನ್ನು ನಮ್ಮ ಮೇಲೆ ತೀರಿಸಿಕೊಳ್ಳುತ್ತಿದ್ದಳು. ಆದರೆ ಕೆಲಸದಲ್ಲಿ ಅವಳಿಗೆ ಸಾಟಿ ಇರಲಿಲ್ಲ. ಬಾಟಲಿ ಚೀಟಿಗಳ ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಕೊರಳಿಗೆ ಶಿಲುಬೆಯ ಪಕ್ಕದಲ್ಲಿ ನೇತುಹಾಕಿಕೊಂಡಿದ್ದಳು.

ಅಕುನೊ ಒಂದು ಬಾಟಲಿ ಚೀಟಿ ಬರೆದುಕೊಡಬೇಕೆಂದು ಕೇಳಿದ. ಸಿಸ್ಟರು ಅವನ ಕಡೆ ನೋಡದೆ ರುಯಿಪೊಳ ಕುಪ್ಪಸದ ಕಡೆ ನೋಡಿದಳು.

"ಇವಳಿಗೆ ಎರಡಿವೆಯಲ್ಲ," ಅಂದಳು. "ಮಗೂನ ಅದಕ್ಕೆ ಹಾಕಿ."

"ಸಿಸ್ಟರಮ್ಮ, ನನ್ನ ಕೊನೇ ಮಗು ಹಾಲು ಬಿಟ್ಟು ಏಳು ವರ್ಷ ಆಯ್ತು," ಅಂದಳು ರುಯಿಪೊ.

"ಮಗು ಚೀಪ್ತಾ ಇದ್ರೆ ಬರುತ್ತೆ ಅಕ್ಕ. ಹಾಲು ನಿನ್ನ ವಯಸ್ಸು ಕೇಳ್ಕೊಂಡು ಬರಲ್ಲ."

ರುಯಿಪೊಗೂ ಇದು ಗೊತ್ತಿಲ್ಲದ ವಿಷಯವಲ್ಲ. ಅವಳ ಸೋದರತ್ತೆಯೊಬ್ಬಳು ತಲೆ ನರೆತ ಮೇಲೆ ತಂಗಿಯ ಮಗನಿಗೆ ಹಾಲೂಡಿಸಿ ಬೆಳೆಸಿದ್ದಳು. ಆದರೂ ಆಸೆಪಡಲು ಹೆದರಿಕೆಯಾಯಿತು. ಬಾಟಲಿ ಎಂದರೆ ಅದಕ್ಕಿಂತ ದೊಡ್ಡ ಹೆದರಿಕೆ. ಕಾನೂನು ಬರುವ ಮೊದಲು ಬಾಟಲಿ ಎಂದರೆ ಪೇಟೆಯ ಷೋಕಿ. ಹಳ್ಳದ ನೀರು, ಸಕ್ಕರೆ ಚಹಾ, ಶರಬತ್ತು, ಕೈಗೆ ಸಿಕ್ಕಿದ್ದನ್ನೆಲ್ಲ ಅದಕ್ಕೆ ತುಂಬಿ ಕೂಸಿನ ಬಾಯಿಗೆ ತುರುಕುತ್ತಿದ್ದರು. ಕಾನೂನು ಬರುವ ಹಿಂದಿನ ಒಂದೇ ವರ್ಷದಲ್ಲಿ ಊರಲ್ಲಿ ಭೇದಿ ಹತ್ತಿ ಸತ್ತ ಕೂಸುಗಳು ಏಳು. ಅದರಲ್ಲಿ ಅವಳ ತಮ್ಮನ ಮಗುವೂ ಒಂದು. ಅದನ್ನು ಗುಂಡಿಗೆ ಇಳಿಸಿದ್ದು ಅವಳದೇ ಕೈ. ಈಗ ಮಗಳು ಬಿಟ್ಟುಹೋದದ್ದು ಇದೊಂದೇ ಕೂಸು, ಇದನ್ನೂ ಅಲ್ಲಿಗೇ ಒಯ್ಯುವ ಶಕ್ತಿ ಅವಳಲ್ಲಿ ಇರಲಿಲ್ಲ.

ಸಿಸ್ಟರು ಲೆಕ್ಕಾಚಾರದ ಹೆಂಗಸು. ಹದಿನಾಲ್ಕು ದಿನ ನೋಡೋಣ ಅಂದಳು. ಅಕುನೊನ ತಮ್ಮನ ಸೊಸೆ ಸಿನಾಕೆ ಬಾಣಂತಿ, ಅವಳು ದಿನಕ್ಕೆ ಒಂದಿಷ್ಟು ಹಾಲು ಲೋಟಕ್ಕೆ ಹಿಂಡಿಕೊಡಲಿ. ರುಯಿಪೊ ಮಗುವನ್ನು ಎದೆಗೆ ಹಚ್ಚಿಕೊಂಡು, ಚಮಚದಿಂದ ಆ ಹಾಲನ್ನು ಮೊಲೆಯ ಮೇಲೆ ಹನಿಹನಿಯಾಗಿ ಇಳಿಬಿಡಲಿ. ಹೊಟ್ಟೆಗೆ ಸಿನಾಕೆಯದು, ಚೀಪುವುದು ರುಯಿಪೊಳದು. ಹದಿನಾಲ್ಕನೆಯ ದಿನ ತಕ್ಕಡಿಯಲ್ಲಿ ಮಗು ಕೆಳಗಿಳಿದಿದ್ದರೆ ನಾನೇ ಬಾಟಲಿ ಚೀಟಿ ಬರೆದುಕೊಡುತ್ತೇನೆ, ಕುದಿಸುವುದನ್ನೂ ಕಲಿಸುತ್ತೇನೆ. ಅಲ್ಲಿಯವರೆಗೆ ಕೌನ್ಸಿಲರು ಬೇರೆ ಕೆಲಸವಿದ್ದರೆ ನೋಡಿಕೊಳ್ಳಬಹುದು. ಅವತ್ತಿನ ತೂಕ ಎರಡು ಕಿಲೋ ಆರುನೂರು ಗ್ರಾಂ.

ಇದರಲ್ಲಿ ಅಕುನೊಗೆ ಬಂದ ಕಷ್ಟ ಏನೆಂದು ನಮ್ಮ ಬೆಟ್ಟದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಾಲೂಡಿಸುವ ಹೆಂಗಸಿನ ಹತ್ತಿರ ಗಂಡ ಮಲಗುವಂತಿಲ್ಲ. ಮಲಗಿದರೆ ಹಾಲು ಕೆಡುತ್ತದೆ, ಮಗು ಸೊರಗಿ ಸಾಯುತ್ತದೆ. ಆದ್ದರಿಂದ ಮಗು ಓಡಾಡಿಕೊಂಡು ತಾನೇ ಗೆಣಸು ಸುಲಿದು ತಿನ್ನುವವರೆಗೆ, ಎರಡೋ ಮೂರೋ ವರ್ಷ, ಅವನ ಚಾಪೆ ಗಂಡಸರ ಮನೆಯಲ್ಲಿ. ಪಾದ್ರಿಗಳು ಆ ಮನೆಗೆ 'ಯುವಕ ಸಂಘ' ಎಂದು ಬೋರ್ಡು ಬರೆಸಿದ್ದರು. ಒಳಗೆ ಮಲಗುವವರಿಗೆ ಸರಾಸರಿ ಐವತ್ತು ವರ್ಷವಾಗಿತ್ತು. ಐದು ಮಕ್ಕಳ ಲೆಕ್ಕದಲ್ಲಿ ಅಕುನೊ ತನ್ನ ಸಂಸಾರದ ಅರ್ಧವನ್ನು ಅಲ್ಲೇ, ಇತರರ ಗೊರಕೆ ಕೇಳುತ್ತಾ ಕಳೆದಿದ್ದ. ಕೊನೆಯ ಮಗು ದೊಡ್ಡದಾದ ಮೇಲೆ ಹೆಂಡತಿಯ ಮನೆಯ ಒಲೆಯ ಪಕ್ಕಕ್ಕೆ ಬಂದು, ಇನ್ನು ನನ್ನನ್ನು ಇಲ್ಲಿಂದ ಎಬ್ಬಿಸುವವರಿಲ್ಲ ಎಂದುಕೊಂಡಿದ್ದ. ಈಗ ಮಗು ರುಯಿಪೊಳ ಎದೆಗೆ ಬಾಯಿ ಹಾಕಿದ ದಿನವೇ ಚಾಪೆ ಸುತ್ತಿಕೊಂಡು ಹೊರಟ. ನಿಜ ಹೇಳಬೇಕೆಂದರೆ, ಮೊದಲು ಬಾಟಲಿ ಬಂದಾಗ ಹೆಂಗಸರಿಗಿಂತ ಹೆಚ್ಚು ಕುಣಿದಾಡಿದವರು ಗಂಡಸರೇ.

ಹಾಗಾಗಿ ಅಕುನೊ ಬಾಟಲಿಗಾಗಿ ಯಾಕೆ ಅಷ್ಟು ಒದ್ದಾಡುತ್ತಿದ್ದಾನೆ ಎಂಬುದರಲ್ಲಿ ಊರಿಗೆ ಯಾವ ಅನುಮಾನವೂ ಇರಲಿಲ್ಲ. ಅವನು ಮಾತ್ರ ಸಿಸ್ಟರಿಗೆ ಬೇರೆ ಬೇರೆ ಕಾರಣ ಹೇಳುತ್ತಾ ಹೋದ. ಮೂರನೆಯ ದಿನ ಹೋಗಿ, ತನ್ನ ಮನೆಯಲ್ಲಿ ಕೆಟಲ್ ಇದೆ, ನೀರು ಕುದಿಸಲು ತೊಂದರೆಯಿಲ್ಲ ಅಂದ. ಕಾನೂನಿನಲ್ಲಿ ಕೌನ್ಸಿಲರ ಕೆಟಲ್ ಬಗ್ಗೆ ಏನೂ ಬರೆದಿಲ್ಲ ಎಂದು ಸಿಸ್ಟರು ಉತ್ತರ ಕೊಟ್ಟಳು. ಆರನೆಯ ದಿನ ಕೌನ್ಸಿಲ್ಲಿನ ಗುಮಾಸ್ತೆಯಿಂದ ಟೈಪು ಮಾಡಿಸಿದ ಅರ್ಜಿ ಕೊಟ್ಟ, ಸಾರ್ವಜನಿಕ ಹಿತದೃಷ್ಟಿಯಿಂದ ಒಂದು ಬಾಟಲಿ ಮಂಜೂರು ಮಾಡಬೇಕು ಎಂದು. ಅವಳು ಅದರ ಹಿಂಬದಿಯಲ್ಲಿ ಲಸಿಕೆಯ ಪಟ್ಟಿ ಬರೆದುಕೊಂಡಳು. ಅಂಗಡಿಯವನ ಕಿವಿಯಲ್ಲೂ ಪಿಸುಗುಟ್ಟಿ ನೋಡಿದ. ಅವನು, ಡ್ರಮ್ಮಿನ ಮೇಲೆ ನಿಂತು ದಂಡ ಅಂತ ಕೂಗಿದವರು ನೀವೇ ಅಲ್ಲವೇ ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳಿದ.

ಇತ್ತ ರುಯಿಪೊಳ ಪಾಡು ಯಾರಿಗೂ ಬೇಡ. ಹಗಲೆನ್ನದೆ ರಾತ್ರಿಯೆನ್ನದೆ ಮಗು ಚೀಪಿತು. ಸಿನಾಕೆಯ ಹಾಲು ಹನಿಯುವವರೆಗೆ ಸುಮ್ಮನಿದ್ದು, ಹನಿ ನಿಂತ ಕೂಡಲೇ ಮುಖ ತಿರುಗಿಸಿ ಮೋಸ ಹೋದವರಂತೆ ಕಿರುಚುತ್ತಿತ್ತು. ಮೊಲೆ ಬಿರುಕು ಬಿಟ್ಟು ಉರಿಯಿತು. ತೋಟದಲ್ಲಿ ಗೆಣಸಿನ ಬಳ್ಳಿ ನೆಡುತ್ತಾ ಕೂತಲ್ಲೇ ಅತ್ತಳು, ಮಗಳಿಗಾಗಿ ಅಳುತ್ತಿದ್ದಾಳೋ ಉರಿಗಾಗಿಯೋ ಅವಳಿಗೇ ತಿಳಿಯುತ್ತಿರಲಿಲ್ಲ. ಓರಗೆಯ ಹೆಂಗಸರು ಬೇಲಿಯಾಚೆಯಿಂದ, ಮುಂದಿನ ವರ್ಷ ಬಸುರೂ ಆಗ್ತೀಯೇನೇ ಎಂದು ಕೆಣಕುತ್ತಿದ್ದರು, ಹೋಗುವಾಗ ಹಾಲು ಬರಿಸುವ ಸೊಪ್ಪನ್ನು ಬೇಲಿಗೆ ಸಿಕ್ಕಿಸಿ ಹೋಗುತ್ತಿದ್ದರು. ಏಳನೆಯ ದಿನ ತೂಗಿದರೆ ಎರಡು ಕಿಲೋ ನಾನೂರ ಐವತ್ತು. ಸಿಸ್ಟರು ತೂಕ ಬರೆದುಕೊಂಡಳು. ಬೈಯದೆ ಬಿಟ್ಟಳು. ಅದರಿಂದಲೇ ರುಯಿಪೊಳ ಜೀವ ಹಾರಿಹೋದಂತಾಯಿತು.

ಹತ್ತನೆಯ ದಿನ ಸಿನಾಕೆಯ ಗಂಡನಿಗೆ ವಿಷಯ ತಿಳಿಯಿತು. ತನ್ನ ಮಗನ ಪಾಲನ್ನು ಊರಿಗೆಲ್ಲ ಹಂಚುತ್ತಾಳೆ ಎಂದು ರಂಪ ಮಾಡಿ ಲೋಟವನ್ನು ಹಳ್ಳಕ್ಕೆ ಎಸೆದ. ಸಿನಾಕೆ ಬೇಲಿಯ ಹತ್ತಿರ ಬಂದು, ಇನ್ನು ನನ್ನಿಂದಾಗದು ದೊಡ್ಡಮ್ಮ ಎಂದು ಅತ್ತಳು. ರುಯಿಪೊ ಅವಳ ತಲೆ ಸವರಿ ಕಳಿಸಿ, ಖಾಲಿ ಎದೆಗೆ ಮಗುವನ್ನು ಒತ್ತಿಕೊಂಡು ಕೂತಳು. ಮಗು ಚೀಪಿತು. ಬಿಟ್ಟು ಕಿರುಚಲಿಲ್ಲ. ಮತ್ತೆ ಚೀಪಿತು. ಗಂಟಲು ಗುಟುಕರಿಸುವುದು ಕೇಳಿಸಿತು. ಐದು ಮಕ್ಕಳನ್ನು ಬೆಳೆಸಿದವಳಿಗೆ ಆ ಸದ್ದು ಯಾವುದೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೆರಳಿನಿಂದ ಒತ್ತಿ ನೋಡಿದಳು. ಒಂದೇ ಒಂದು ಹನಿ, ಹಳದಿ ಬಣ್ಣದ್ದು.

ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಬಂದದ್ದು ಹಾಗೇ ಹೋಗಿಬಿಟ್ಟೀತು ಎಂಬ ಭಯ. ಹನಿ ಕಂಡದ್ದು ನಿಜ, ಹೊಟ್ಟೆ ತುಂಬುತ್ತಿದೆಯೋ ಇಲ್ಲವೋ ಯಾರಿಗೆ ಗೊತ್ತು. ಅದನ್ನು ಹೇಳಬೇಕಾದದ್ದು ಸಿಸ್ಟರ ತಕ್ಕಡಿ. ನಾಲ್ಕು ದಿನ ಆ ಕೂಸು ಅಜ್ಜಿಯ ಹಾಲೊಂದನ್ನೇ ನಂಬಿಕೊಂಡು ಬದುಕಿತು, ಅಜ್ಜಿ ಉಸಿರು ಬಿಗಿಹಿಡಿದುಕೊಂಡು ಬದುಕಿದಳು.

ಹದಿನಾಲ್ಕನೆಯ ದಿನ ಆರೋಗ್ಯ ಕೇಂದ್ರದ ಜಗುಲಿಯಲ್ಲಿ ಮೂವತ್ತು ಹೆಂಗಸರ ಸಾಲು. ರುಯಿಪೊಳ ಸರದಿ ಬಂದು, ಅವಳು ಬಿಲುಮಿನಿಂದ ಮಗುವನ್ನು ಎತ್ತುವಷ್ಟರಲ್ಲಿ ಅಕುನೊ ಬಂದ. ಗಡ್ಡ ಬೋಳಿಸಿಕೊಂಡು, ಕೌನ್ಸಿಲ್ ಸಭೆಗೆ ಹಾಕುವ ಅಂಗಿ ತೊಟ್ಟಿದ್ದ. ಸಾಲನ್ನು ದಾಟಿಕೊಂಡು ನೇರವಾಗಿ ಮೇಜಿನ ಮುಂದೆ ನಿಂತ.

"ಕೌನ್ಸಿಲರೇ, ಚೀಟೀಲಿ ಕಾರಣ ಅಂತ ಒಂದು ಸಾಲಿದೆ," ಅಂದಳು ಸಿಸ್ಟರು. "ನೀವು ಇಲ್ಲೀವರೆಗೆ ಹೇಳಿದ್ದು ಯಾವುದೂ ಅಲ್ಲಿ ಬರೆಯೋ ಹಾಗಿಲ್ಲ."

"ಇದನ್ನ ಬರ್ಕೊಳ್ಳಿ," ಅಂದ ಅಕುನೊ. ಗೋಡೆಗೆ ಅಂಟಿಸಿದ ಪಟವನ್ನೇ ನೋಡುತ್ತಿದ್ದ. "ಮೊನ್ನೆ ರಾತ್ರಿ ನಾನು ಇವಳ ಮನೇಲಿ ಮಲಗಿದ್ದೆ. ಹಾಲು ಬಂದಿದ್ರೂ ಕೆಟ್ಟಿರುತ್ತೆ. ಇನ್ನು ಕುಡಿಸೋ ಹಾಗಿಲ್ಲ."

ಜಗುಲಿಯಲ್ಲಿ ಕೂಸುಗಳು ಕೂಡ ಅಳು ನಿಲ್ಲಿಸಿದ ಹಾಗಾಯಿತು. ಸಿಸ್ಟರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು, ಅವಳ ಕಡಲ ಕಡೆಯ ರೀತಿನೀತಿ ಬೇರೆ. ಉಳಿದವರಿಗೆ ಕೂಡಲೇ ಅರ್ಥವಾಯಿತು. ರುಯಿಪೊಳ ಪಕ್ಕದಲ್ಲಿದ್ದ ಹೆಂಗಸು ಒಂದು ಹೆಜ್ಜೆ ಹಿಂದೆ ಸರಿದಳು. ಈ ಮಾತು ನಿಂತರೆ ರುಯಿಪೊ ಇನ್ನು ಆ ಮಗುವಿಗೆ ಎದೆ ಕೊಡುವಂತಿಲ್ಲ. ಕೊಟ್ಟರೆ ಕೈಯಿಂದ ಕಿತ್ತುಕೊಳ್ಳುತ್ತಾರೆ. ನಾಳೆ ಮಗುವಿಗೆ ಏನಾದರೂ ಆದರೆ, ಸತ್ತ ಮಗಳ ಕೂಸನ್ನು ಗಂಡನ ಚಪಲಕ್ಕೆ ಕೊಂದವಳು ಎಂದು ಸಾಯುವವರೆಗೆ ಅವಳ ಹೆಸರು. ಕಷ್ಟಪಟ್ಟು ಇಳಿಸಿದ ಹಾಲಿಗೆ ಈ ಮನುಷ್ಯ ಒಂದೇ ಮಾತಿನಲ್ಲಿ ವಿಷ ಬೆರೆಸಿದ್ದ. ರುಯಿಪೊಗೆ ಸಿಟ್ಟು ಬಂತು. ಆದರೆ ದನಿ ಏರಿಸಲಿಲ್ಲ.

"ಮೊನ್ನೆ ನನ್ನ ಮನೇಲಿ ಮಲಗಿದ್ದು ನಾನು, ಈ ಮಗು, ಎರಡು ಹಂದಿ," ಅಂದಳು. "ಆ ಎರಡರಲ್ಲಿ ಒಂದು ನೀನಾಗಿದ್ರೆ ನಂಗೆ ಗುರುತು ಸಿಗ್ಲಿಲ್ಲ ನೋಡು."

ಮೊದಲು ನಕ್ಕವಳು, ಮಗನನ್ನು ತೂಗಿಸಲು ಸಾಲಿನಲ್ಲಿ ನಿಂತಿದ್ದ ಸಿನಾಕೆ. ಆಮೇಲೆ ಸಾಲಿಗೆ ಸಾಲೇ ನಕ್ಕಿತು. ಬಾಗಿಲ ಬಳಿ ಕೂತಿದ್ದ ಒಬ್ಬ ಮುದುಕಿ, ಗಂಡಸರ ಮನೆಯಲ್ಲಿ ಮಲಗುವ ತನ್ನ ಗಂಡ ಮೊನ್ನೆ ರಾತ್ರಿಯಿಡೀ ಈ ಕೌನ್ಸಿಲರ ಗೊರಕೆಗೆ ಕಣ್ಣು ಮುಚ್ಚಿಲ್ಲವಂತೆ, ಬೆಳಗ್ಗೆ ಬಂದು ತನ್ನ ಮೇಲೆ ರೇಗಿದ ಎಂದು ಸಾಕ್ಷಿ ಹೇಳಿದಳು. ಬೇಕಾದರೆ ಅವನನ್ನೂ ಕರೆಸುತ್ತೇನೆ, ಅವನಿಗೆ ಬೇರೆ ಕೆಲಸವೇನೂ ಇಲ್ಲ ಎಂದೂ ಸೇರಿಸಿದಳು. ಸರಿದು ನಿಂತಿದ್ದ ಹೆಂಗಸು ಮತ್ತೆ ರುಯಿಪೊಳ ಪಕ್ಕಕ್ಕೆ ಬಂದಳು.

ಸಿಸ್ಟರು ಮೇಜು ಕುಟ್ಟಿ, ಯಾರು ಯಾವ ಮನೆಯಲ್ಲಿ ಗೊರಕೆ ಹೊಡೆದರು ಎನ್ನುವುದು ಸರ್ಕಾರಕ್ಕೆ ಬೇಕಾಗಿಲ್ಲ, ಮಗುವನ್ನು ಇಲ್ಲಿ ಕೊಡಿ ಅಂದಳು. ತಕ್ಕಡಿಯ ಕೊಕ್ಕೆಗೆ ಬಟ್ಟೆಯ ಚಡ್ಡಿ ಸಿಕ್ಕಿಸಿ ಮಗುವನ್ನು ಅದರೊಳಗೆ ಇಳಿಸಿದಳು. ಮುಳ್ಳು ತೂಗಾಡಿತು. ಮಗು ಕಾಲಾಡಿಸಿ ಅದನ್ನು ಇನ್ನಷ್ಟು ತೂಗಾಡಿಸಿತು. ರುಯಿಪೊ ಕಣ್ಣು ಮುಚ್ಚಿಕೊಂಡಳು. ನಗು ನಿಂತಿತ್ತು. ಎರಡು ಕಿಲೋ ಆರುನೂರಕ್ಕಿಂತ ಒಂದು ಗೆರೆ ಕೆಳಗಿದ್ದರೂ ಬಾಟಲಿಯೇ ಗತಿ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

"ಎರಡು ಆರುನೂರು," ಅಂದಳು ಸಿಸ್ಟರು. ಮತ್ತೊಮ್ಮೆ ನೋಡಿದಳು. "ಆರುನೂರಕ್ಕೂ ಒಂದು ಚೂರು ಮೇಲೆ. ಸಿನಾಕೆ, ಎಷ್ಟು ಕೊಡ್ತಿದ್ದೀಯ ನೀನು?"

"ನಾನು ಕೊಡದೆ ನಾಲ್ಕು ದಿನ ಆಯ್ತು ಸಿಸ್ಟರಮ್ಮ."

ಎಲ್ಲರೂ ರುಯಿಪೊಳ ಕಡೆ ತಿರುಗಿದರು. ಅವಳು ಕುಪ್ಪಸದ ಗುಂಡಿ ಬಿಚ್ಚಿ, ಮೇಜಿನ ಕಡೆ ಬಾಗಿ, ಎರಡು ಬೆರಳಲ್ಲಿ ಒತ್ತಿದಳು. ನೂಲಿನಂತಹ ಹಾಲು ಚಿಮ್ಮಿ ಕೌನ್ಸಿಲರ ಸಭೆಯ ಅಂಗಿಗೆ ತಗುಲಿ, ಉಳಿದದ್ದು ಬಾಟಲಿ ಚೀಟಿಯ ಮೇಲೆ ಬಿತ್ತು. ಸಿಸ್ಟರು ಚೀಟಿಯನ್ನು ಮುದುರಿ ಬುಟ್ಟಿಗೆ ಹಾಕಿದಳು. ಮೀನಿಲ್ಲದ ಬೆಟ್ಟಕ್ಕೆ ಬಂದ ಮೇಲೆ ಅವಳು ಬಾಯ್ತುಂಬ ನಕ್ಕದ್ದು ಅವತ್ತೇ ಎಂದು ಹೇಳುತ್ತಾರೆ.

ರುಯಿಪೊ ಹೊರಗೆ ಬಂದಾಗ ಅಕುನೊ ಮೆಟ್ಟಿಲ ಮೇಲೆ ಕೂತಿದ್ದ. ಅಂಗಿಯ ಕಲೆಯನ್ನು ಒರೆಸಿಕೊಂಡಿರಲಿಲ್ಲ. ಹಾದುಹೋಗುವ ಹೆಂಗಸರು ಅವನನ್ನು ನೋಡಿ ಹಂದಿಯ ಹಾಗೆ ಗುಟುರು ಹಾಕಿ ಹೋಗುತ್ತಿದ್ದರು. ಮನೆಗೆ ಹೋಗುವ ದಾರಿ ಅವನನ್ನು ದಾಟಿಯೇ ಇತ್ತು. ಅವಳು ನಿಂತಳು. ಒಳಗೆ ತಡೆದುಕೊಂಡಿದ್ದ ಸಿಟ್ಟೆಲ್ಲ ಈಗ ಹೊರಬಂತು.

"ಊರ ಮುಂದೆ ನನ್ನ ಹಾಲಿಗೆ ವಿಷ ಅಂದೆ. ಮೂರು ವರ್ಷ ತಡ್ಕೊಳ್ಳೋಕಾಗದಷ್ಟು ಏನು ಬಂದಿತ್ತು ನಿಂಗೆ, ಈ ವಯಸ್ಸಲ್ಲಿ?"

ಅಕುನೊ ಬೂಟಿನ ಕೆಸರನ್ನು ಮೆಟ್ಟಿಲಿಗೆ ಒರೆಸಿದ.

"ಅದಲ್ಲ," ಅಂದ. "ಗಂಡಸರ ಮನೇಲಿ ಅಳೋಕಾಗಲ್ಲ ರುಯಿಪೊ."

ರುಯಿಪೊ ಬಿಲುಮನ್ನು ಎದೆಯ ಕಡೆಗೆ ಎಳೆದುಕೊಂಡಳು, ಅವನು ಮುಂದುವರಿಸಿದ.

"ಗಿಸೋನ ಹೋಗಿ ಇಪ್ಪತ್ತು ದಿನ ಆಯ್ತು. ಅಲ್ಲಿ ಯಾರೂ ಅವಳ ಹೆಸರೆತ್ತಲ್ಲ. ಹಂದಿ, ಕಾಫಿ ರೇಟು, ಮುಂದಿನ ವೋಟು. ನಾನು ಎತ್ತಿದ್ರೆ ಎದ್ದು ಒಲೆಗೆ ಕಟ್ಟಿಗೆ ಹಾಕೋಕೆ ಹೋಗ್ತಾರೆ. ಅವಳ ವಿಷಯ ಮಾತಾಡೋಕೆ ನಂಗಿರೋದು ನೀನೊಬ್ಳೇ. ನೀನು ಒಳಗೆ, ನಾನು ಹೊರಗೆ, ಮೂರು ವರ್ಷ. ಅಷ್ಟರಲ್ಲಿ ಅವಳ ಮುಖ ಮರೆತೇ ಹೋಗುತ್ತೆ ಅನ್ನಿಸ್ತು."

"ಇದನ್ನೇ ಸಿಸ್ಟರಿಗೆ ಹೇಳ್ಬೇಕಿತ್ತು."

"ಅದು ಚೀಟೀಲಿ ಬರೆಯೋ ಕಾರಣಾನಾ?"

ಊರಿಗೆ ಊರೇ ಹದಿನಾಲ್ಕು ದಿನದಿಂದ ಈ ಮನುಷ್ಯನನ್ನು ಆಡಿಕೊಂಡು ನಕ್ಕಿತ್ತು. ಈ ಕಥೆ ಹೇಳುವವರೂ ಆ ಊರಿನವರೇ, ನಗದೆ ಬಿಟ್ಟಿಲ್ಲ. ಮೂವತ್ತು ವರ್ಷ ಜೊತೆಗಿದ್ದ ರುಯಿಪೊ ಕೂಡ ಅವನ ಬಗ್ಗೆ ಅದೊಂದನ್ನೇ ಯೋಚಿಸಿದ್ದಳು. ಅವಳಿಗೆ ನಾಚಿಕೆಯಾಯಿತು. ಸಿಟ್ಟು ಪೂರ್ತಿ ಹೋಗಿರಲಿಲ್ಲ, ಹೋಗಬೇಕಾಗಿಯೂ ಇರಲಿಲ್ಲ. ಮೆಟ್ಟಿಲ ಇನ್ನೊಂದು ತುದಿಯಲ್ಲಿ, ಒಂದು ಮಾರು ದೂರ ಬಿಟ್ಟು ಕೂತಳು. ಮಗು ಕೊಸರಾಡಿತು, ಎದೆಗೆ ಹಾಕಿಕೊಂಡಳು.

"ದಿನಾ ಹಗಲು ಹೊತ್ತಿನಲ್ಲಿ ಬಾ," ಅಂದಳು. "ನನ್ನ ಬಾಗಿಲ ಹೊರಗೆ ಕೂತ್ಕೊ. ಮಾತಾಡು, ಅಳು, ಏನಾದ್ರೂ ಮಾಡ್ಕೊ. ಕೈ ಮಾತ್ರ ನಿನ್ನ ತೊಡೆ ಮೇಲೇ ಇರ್ಲಿ."

"ಗಂಡಸರು ನಗ್ತಾರೆ."

"ಇವತ್ತಿಗಿಂತ ಹೆಚ್ಚು ನಗ್ತಾರಾ?"

ಅಕುನೊ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡ. ಮಗು ಹಾಲು ಕುಡಿಯುವುದನ್ನು ನೋಡುತ್ತಾ ಕೂತ. ಐದು ಮಕ್ಕಳ ತಂದೆ ಅವನು, ಆದರೂ ಇದನ್ನು ಇಷ್ಟು ಹತ್ತಿರದಿಂದ, ಇಷ್ಟು ಹೊತ್ತು ನೋಡಿದ್ದು ಅದೇ ಮೊದಲು.

"ಗಿಸೋನಾನೂ ಹೀಗೇ ಕುಡೀತಿದ್ಲಾ?" ಎಂದು ಕೇಳಿದ. "ನಂಗೊತ್ತಿಲ್ಲ. ಆಗ ನಾನು ಗಂಡಸರ ಮನೇಲಿದ್ದೆ."

ರುಯಿಪೊ ಮಗುವನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಬದಲಾಯಿಸಿಕೊಂಡು, ಗಿಸೋನ ಹುಟ್ಟಿದ ಮೊದಲ ದಿನದಿಂದ ಹೇಳತೊಡಗಿದಳು.